ಕರೆಯುವವರ ಹೆಸರು

ಟೈಲರಕ್ಕನಿಗೆ ಐವತ್ತು ದಾಟಿದ ಮೇಲೆ ಮದುವೆ ಗೊತ್ತಾಯಿತು. 'ಹುಡುಗ' ಗಡಿಯಾರ ರಿಪೇರಿಯವನು, ಹೆಂಡತಿ ತೀರಿಕೊಂಡಿದ್ದ ಸಾಧು ಮನುಷ್ಯ. ಹುಡುಗ ಅಂದಾಗಲೆಲ್ಲ ಅವಳಿಗೇ ನಗು ಬರುತ್ತಿತ್ತು. ಊರವರ ಮದುವೆಗೆಲ್ಲ ಬಟ್ಟೆ ಹೊಲಿದು ಕಣ್ಣು ಸೋತವಳಿಗೆ, ತನ್ನ ಮದುವೆಯದೂ ಒಂದು ಚೆಂದದ ಕರೆಯೋಲೆ ಅಚ್ಚಾಗಬೇಕು ಅಂತ ಆಸೆ. ತಾನೇ ಬಳ್ಳಿ ಕಸೂತಿ ಹಾಕಿದ ಬಟ್ಟೆಯ ತುಂಡು ಹಿಡಿದುಕೊಂಡು ಹಿಂದಿನ ಬೀದಿಯ ಪ್ರೆಸ್ಸಿಗೆ ಹೋದಳು.

ಅಲ್ಲಿ ಅಕ್ಷರ ಜೋಡಿಸುವವನೂ ಯಜಮಾನನೇ, ನೆಲ ಗುಡಿಸುವವನೂ ಯಜಮಾನನೇ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಈ ಬಳ್ಳೀನೇ ಅಂಚಿಗೆ ಹಾಕೋಣ ಅಕ್ಕಾ. ಬಣ್ಣ ಒಂದೇ ಸಾಕು, ಜಾಸ್ತಿ ಆದ್ರೆ ಬೆಂಕಿಪೊಟ್ಟಣದ ಚೀಟಿ ಥರ ಕಾಣುತ್ತೆ."

ಅವಳು ಹೊಟ್ಟೆ ತುಂಬ ನಕ್ಕಳು.

"ಕೆಳಗೆ 'ನಿಮ್ಮ ಆಗಮನವನ್ನು ಬಯಸುವ' ಅಂತ ಬರುತ್ತಲ್ಲ, ಅಲ್ಲಿ ಯಾರ ಹೆಸರು?" ಅವನು ಕೇಳಿದ.

ನಗು ನಿಂತಿತು. ಅಪ್ಪ ಅಮ್ಮ ಇಲ್ಲ. ಇರುವವನು ಅಣ್ಣನೊಬ್ಬ. "ಈ ವಯಸ್ಸಲ್ಲಿ ಇದೆಲ್ಲ ಯಾಕೆ? ನಾವು ತಲೆ ಎತ್ತಿ ಓಡಾಡೋದು ಬೇಡ್ವಾ?" ಅಂದವನು ಅವತ್ತಿನಿಂದ ಮಾತು ಬಿಟ್ಟಿದ್ದ.

"ಅಣ್ಣನ ಹೆಸರು ಹಾಕಪ್ಪ."

"ಒಪ್ಪಿದಾರಾ?"

ಅವಳು ಮೇಜಿನ ಮೇಲಿದ್ದ ಕಸೂತಿ ಬಟ್ಟೆಯನ್ನು ಮಡಿಚತೊಡಗಿದಳು. ಅವನಿಗೆ ಅರ್ಥವಾಯಿತು. "ಪ್ರೂಫ್ ತೆಗೆದುಕೊಡ್ತೀನಿ, ತೋರಿಸಿ ಬನ್ನಿ. ಅಚ್ಚಾದ ಮೇಲೆ ಬೇಡ ಅಂದ್ರೆ ನಿಮ್ಮ ಮನಸ್ಸಿಗೇ ನೋವು."

ಅಣ್ಣನದು ಸೈಕಲ್ ಅಂಗಡಿ. ಟ್ಯೂಬನ್ನು ನೀರಲ್ಲಿ ಅದ್ದಿ ಪಂಕ್ಚರ್ ಹುಡುಕುತ್ತಿದ್ದ. ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಅವಳು ಕಾಗದ ಚಾಚಿದಾಗ ಕೈ ಒರೆಸಿಕೊಂಡು ಅಂಚಲ್ಲಿ ಹಿಡಿದು, ಮೇಲಿಂದ ಕೆಳಗಿನವರೆಗೆ ಓದಿದ.

"ನನ್ನ ಹೆಸರು ತಪ್ಪಾಗಿದೆ," ಅಂದ. "ದೀರ್ಘ ಬಿಟ್ಟಿದಾನೆ."

ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ತಿದ್ದಿ ವಾಪಸ್ ಕೊಟ್ಟ. ಹೆಸರು ಹೊಡೆದುಹಾಕಿರಲಿಲ್ಲ. ಇನ್ನೊಂದು ಮಾತು ಆಡಿಯಾನು ಅಂತ ಅವಳು ನಿಂತೇ ಇದ್ದಳು.

"ಅತ್ತಿಗೆ ಹೇಗಿದಾರೆ ಅಣ್ಣ?"

"ಇದಾಳೆ." ಮತ್ತೆ ಟ್ಯೂಬಿಗೆ ಬಗ್ಗಿದ.

ಮದುವೆ ದಿನ ಅವಳ ಕಣ್ಣೆಲ್ಲ ಬಾಗಿಲ ಮೇಲೇ. ಅತ್ತಿಗೆ ಬಂದರು, ಮಕ್ಕಳು ಬಂದರು. ಅಣ್ಣ ಬರಲಿಲ್ಲ.

"ಎರಡು ಸಲ ಹೊಸ ಅಂಗಿ ಹಾಕ್ಕೊಂಡ್ರು ಕಣೇ," ಅತ್ತಿಗೆ ಅವಳ ಕೈ ಹಿಡಿದು ಮೆಲ್ಲಗೆ ಅಂದರು. "ಎರಡು ಸಲಾನೂ ಬಿಚ್ಚಿಟ್ರು."

ಗಡಿಯಾರದವನು ಒಳ್ಳೆಯ ಗಂಡ. ಅವಳಿಗಿಂತ ಮೊದಲು ಎದ್ದು ನೀರು ಕಾಯಿಸುತ್ತಾನೆ, ಅವಳ ಸೂಜಿಗೆ ನೂಲು ಪೋಣಿಸಿಕೊಡುತ್ತಾನೆ. ಅತ್ತಿಗೆ ಆಗಾಗ ರವಿಕೆ ಹೊಲಿಸುವ ನೆಪದಲ್ಲಿ ಬರುತ್ತಾರೆ.

"ನಿಮ್ಮಣ್ಣ ಕೇಳ್ತಿರ್ತಾರೆ, ಚೆನ್ನಾಗಿದಾಳಾ ಅಂತ."

"ಬಂದು ನೋಡೋಕೆ ಹೇಳಿ ಅತ್ತಿಗೆ."

ಅಣ್ಣನ ಸೈಕಲ್ ಅಂಗಡಿಗೆ ರಜೆ ಇರುವ ದಿನ ಮಧ್ಯಾಹ್ನ ಗಂಡ ಬೀದಿ ಬಾಗಿಲು ಹಾಕಲು ಎದ್ದರೆ, "ಇರಲಿ ಬಿಡಿ, ಗಾಳಿ ಬರುತ್ತೆ," ಅನ್ನುತ್ತಾಳೆ. ಗಾಳಿ ಬರುವುದು ಹಿತ್ತಲ ಕಡೆಯಿಂದ. ಅದು ಅವನಿಗೂ ಗೊತ್ತು. ಬಾಗಿಲು ತೆರೆದೇ ಬಿಟ್ಟು ಕೂತುಕೊಳ್ಳುತ್ತಾನೆ.