ಅಯ್ಯೂಬರ ಬುಗ್ಗೆಗೆ ಇಳಿದ ದಾರಿ

ಕಳೆದ ತಿಂಗಳು ಮಸ್ಕತ್ ಪಕ್ಕದ ಸೀಬ್‌ನ ಔಷಧದಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದವನೊಬ್ಬ ಮುಲಾಮಿನ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದ. ಡಾಂಬರು, ಗಂಧಕ ಬೆರೆತಂಥ ವಾಸನೆ. ನನ್ನ ಸರದಿ ಬಂದದ್ದೇ ತಿಳಿಯಲಿಲ್ಲ. ಹಮ್ರಿಯಾದ ಹಳೆಯ ಕಟ್ಟಡದಲ್ಲಿ ನಮ್ಮ ಎದುರು ಬಾಗಿಲಿನಿಂದ ಇಡೀ ವರ್ಷ ಬರುತ್ತಿದ್ದ ವಾಸನೆ ಅದು...

ಎದುರು ಮನೆಯವರು ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು. ನಮ್ಮ ತುಳುನಾಡಿನ ವಾಡಿಕೆಯಂತೆ ನಾನು ಹೆಂಡತಿಯನ್ನು ಬಾಯಮ್ಮ ಎಂದೂ ಗಂಡನನ್ನು ಪೊರ್ಬುಗಳೆಂದೂ ಕರೆಯುತ್ತಿದ್ದೆ. ಆಕೆ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಆತ ಕ್ಯಾಟರಿಂಗ್ ಕಂಪನಿಯೊಂದರ ಅಡುಗೆಮನೆಯ ಮೇಲ್ವಿಚಾರಕ. ಒಬ್ಬನೇ ಮಗ ಊರಿನ ಬೋರ್ಡಿಂಗ್ ಶಾಲೆಯಲ್ಲಿದ್ದ. ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೆ. ಬಾಯಮ್ಮ ನನ್ನನ್ನು ‘ಪೇಪರಿನವ್ರೆ’ ಎನ್ನುತ್ತಿದ್ದರು.

ತೊಂಬತ್ತರ ದಶಕದ ಆರಂಭದಲ್ಲಿ ಪೊರ್ಬುಗಳಿಗೆ ಚರ್ಮರೋಗ ಬಂತು. ಮೊದಲು ಮೊಣಕೈ, ಆಮೇಲೆ ಅಂಗೈ, ಕಾಲು. ಅಂಟುವ ರೋಗವಲ್ಲವೆಂದು ವೈದ್ಯರು ಬರೆದುಕೊಟ್ಟರೂ ಅಂಥ ಕೈಗಳನ್ನು ಅಡುಗೆಮನೆಯಲ್ಲಿ ಇಟ್ಟುಕೊಳ್ಳಲು ಕಂಪನಿ ಒಪ್ಪಲಿಲ್ಲ. ವೀಸಾ ರದ್ದಾಗುವುದೆಂದು ತಿಳಿದ ಮೇಲೆ ಅವರು ಮನೆಯಲ್ಲೇ ಕೂತರು. ರಾತ್ರಿಯಿಡೀ ಕೆರೆದುಕೊಳ್ಳುತ್ತಿದ್ದರು. ಬಾಯಮ್ಮ ಡ್ಯೂಟಿ ಮುಗಿಸಿ ಬಂದು ಮುಲಾಮು ಹಚ್ಚುತ್ತಿದ್ದರು, ಹಾಸಿಗೆ ಬಟ್ಟೆ ಕುದಿಸಿ ಒಗೆಯುತ್ತಿದ್ದರು. ಒಂದು ದಿನ ಸುಸ್ತಾಗಿ ಅಂದುಬಿಟ್ಟರಂತೆ: “ನೀವು ಸತ್ತರಾದ್ರೂ ನಂಗೆ ಒಂದು ಗಳಿಗೆ ನಿದ್ರೆ ಸಿಕ್ಕೀತು.”

ಪೊರ್ಬುಗಳು ಎದ್ದು ಮನೆಯ ಅಲ್ತಾರಿನ ಮುಂದೆ ನಿಂತು, ಶಿಲುಬೆ ಮುಟ್ಟಿ, ಸಾಯುವ ತನಕ ಇವಳ ಹತ್ತಿರ ಮಾತಾಡುವುದಿಲ್ಲವೆಂದು ಆಣೆ ಹಾಕಿದರು.

ನಮ್ಮ ಕಡೆ ಆಣೆ ಎಂದರೆ ಸಣ್ಣ ವಿಷಯವಲ್ಲ. ಯಾವ ದೇವರ ಮುಂದೆ ಹಾಕಿದರೂ ಅದು ಆಣೆಯೇ. ಪಾದ್ರಿಗಳು ಬಂದು, ಕೋಪದಲ್ಲಿ ಆಡಿದ್ದನ್ನು ದೇವರು ಲೆಕ್ಕಕ್ಕಿಡುವುದಿಲ್ಲ ಎಂದರು. ಪೊರ್ಬುಗಳು, “ಮುಟ್ಟಿದ್ದು ನನ್ನ ಕೈ, ಪಾದರ್” ಎಂದಷ್ಟೇ ಹೇಳಿದರು. ಅಂದಿನಿಂದ ಆ ಮನೆಯ ಮಾತು ನನ್ನ ಮೂಲಕ ನಡೆಯತೊಡಗಿತು. ನನ್ನನ್ನು ಊಟಕ್ಕೆ ಕರೆದು ಕೂರಿಸಿಕೊಂಡು ಪೊರ್ಬುಗಳು, “ಅವಳಿಗೆ ಹೇಳಿ, ಮೀನಿಗೆ ಹುಳಿ ಕಮ್ಮಿ ಆಗಿದೆ” ಎನ್ನುತ್ತಿದ್ದರು. ಅಡುಗೆಕೋಣೆಯಿಂದ ಬಾಯಮ್ಮ, “ಇವ್ರಿಗೆ ಹೇಳಿ ಪೇಪರಿನವ್ರೆ, ನಾಲಿಗೆ ಇರುವುದು ಹುಳಿ ನೋಡ್ಲಿಕ್ಕೆ ಮಾತ್ರ ಅಲ್ಲ ಅಂತ” ಎನ್ನುತ್ತಿದ್ದರು. ಕಟ್ಟಡದವರಿಗೆ ಅದು ತಮಾಷೆ. ಸುದ್ದಿ ಊರಿಗೂ ತಲುಪಿತು.

ಪೊರ್ಬುಗಳು ಊರಿಗೆ ಹೊರಡುವ ದಿನ ಹತ್ತಿರವಾಯಿತು. ಹೀಗೆಯೇ ಹೊರಟರೆ ಆಣೆ ವಿಮಾನ ಹತ್ತಿ ಅವರ ಜೊತೆಗೇ ಹೋಗುತ್ತದೆ ಎಂಬುದು ಬಾಯಮ್ಮನಿಗೆ ಗೊತ್ತಿತ್ತು. ಆಗಲೇ ಕ್ಲಿನಿಕ್ಕಿಗೆ ಬಂದ ದಕ್ಷಿಣ ಒಮಾನಿನ ದೋಫಾರಿನ ಹೆಂಗಸೊಬ್ಬಳು ಸಲಾಲಾದ ಬೆಟ್ಟದ ಮೇಲೆ ಪ್ರವಾದಿ ಅಯ್ಯೂಬರ ಗೋರಿಯಿದೆ, ಅವರ ಮೈಯ ಹುಣ್ಣು ವಾಸಿಯಾದದ್ದು ಅಲ್ಲಿಯ ಬುಗ್ಗೆಯ ನೀರಿನಲ್ಲಿ ಎಂದು ಹೇಳಿದಳು. ಅಯ್ಯೂಬ್ ಎಂದರೆ ಬೈಬಲ್ಲಿನ ಜೋಬ್. ಹಿಂದಿನ ಕಾಲದಿಂದಲೂ ಜನ ಅಲ್ಲಿಗೆ ಹರಕೆ ಹೊತ್ತು ಹೋಗುತ್ತಾರಂತೆ. ನಾನು ಮಳೆಗಾಲದ ವರದಿಗೆಂದು ಸಲಾಲಾಕ್ಕೆ ಹೊರಟಿದ್ದೆ. ನಮ್ಮನ್ನೂ ಕರೆದೊಯ್ಯುತ್ತೀರಾ ಎಂದು ಬಾಯಮ್ಮ ಕೇಳಿದರು. ಪೊರ್ಬುಗಳು, “ಬರ್ತೇನೆ ಅಂತ ಅವಳಿಗೆ ಹೇಳಿ” ಎಂದರು.

ಇಡೀ ದಿನದ ದಾರಿ, ಬಹುಪಾಲು ಮರಳು. ಗಂಡ ಮುಂದಿನ ಸೀಟಿನಲ್ಲಿ, ಹೆಂಡತಿ ಹಿಂದೆ. ನಾನು ಕಾರು ಓಡಿಸುತ್ತ, ಕಿಟಕಿ ಮುಚ್ಚುವುದು, ನೀರು ಕೊಡುವುದು, ಎಲ್ಲವನ್ನೂ ಇಬ್ಬರಿಗೂ ದಾಟಿಸಿದೆ.

ಬೆಟ್ಟದ ಮೇಲೆ ಮಂಜು. ಮಸ್ಕತ್‌ನ ಬೋಳುಗುಡ್ಡಗಳನ್ನು ನೋಡಿದವರಿಗೆ ಆ ಹಸಿರು ನಂಬಲಾಗದು. ಸುಣ್ಣ ಬಳಿದ ಚಿಕ್ಕ ಕಟ್ಟಡ, ಒಳಗೆ ಹಸಿರು ಬಟ್ಟೆ ಹೊದಿಸಿದ ನೀಳ ಗೋರಿ. ಬಾಯಮ್ಮ ಚಪ್ಪಲಿ ಬಿಟ್ಟು ಸೆರಗು ತಲೆಗೆಳೆದುಕೊಂಡು ನಿಂತರು. ಶಿಲುಬೆಯ ಗುರುತಿಗೆ ಕೈ ಹಣೆಯ ತನಕ ಹೋಗಿ, ಅಲ್ಲಿಯೇ ತಡೆಯಿತು. ಗೋರಿ ಕಾಯುವ ಮುದುಕ ಅದನ್ನು ನೋಡಿ, “ನಸ್ರಾನಿ?” ಎಂದು ಕೇಳಿದ, ಕ್ರೈಸ್ತರೇ ಎಂದು. ಹೌದೆಂದಾಗ ಒಳಗೆ ಬರುವಂತೆ ಸನ್ನೆ ಮಾಡಿದ.

ಬಾಯಮ್ಮ ಕ್ಲಿನಿಕ್ಕಿನಲ್ಲಿ ಕಲಿತ ಅರಬ್ಬಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಇವರ ಹೆಂಡತಿಯ ಗೋರಿ ಎಲ್ಲಿದೆ?

ಮುದುಕ ಕೈ ಚೆಲ್ಲಿ, ಅಲ್ಲಾಹನಿಗೆ ಗೊತ್ತು ಎಂದ. ಆಮೇಲೆ ಗೋಡೆಗೊರಗಿ ಕೂತು ಕತೆ ಹೇಳಿದ. ಬಾಯಮ್ಮ ಒಂದೊಂದು ವಾಕ್ಯವನ್ನೂ ನನಗೆಂದು ಕನ್ನಡದಲ್ಲಿ ಹೇಳಿದರು. ಪೊರ್ಬುಗಳು ಗೋರಿಯನ್ನು ನೋಡುತ್ತ ನಿಂತಿದ್ದರು.

ಎಲ್ಲರೂ ಬಿಟ್ಟುಹೋದ ಮೇಲೆ ಅಯ್ಯೂಬರ ಹುಣ್ಣು ತೊಳೆದವಳು ಹೆಂಡತಿಯೊಬ್ಬಳೇ. ಒಂದು ದಿನ ಬೇಸತ್ತು ಆಡಬಾರದ ಮಾತಾಡಿದಳು. ಗುಣವಾದರೆ ನಿನಗೆ ನೂರು ಏಟು ಹೊಡೆಯುತ್ತೇನೆ ಎಂದು ಅಯ್ಯೂಬರು ಆಣೆ ಹಾಕಿದರು. ಗುಣವಾಯಿತು. ಈಗ ಆಣೆ ಮುರಿಯುವಂತಿಲ್ಲ, ಅವಳಿಗೆ ಹೊಡೆಯಲು ಮನಸ್ಸಿಲ್ಲ. ಆಗ ದೇವರು, ಒಂದು ಹಿಡಿ ಹುಲ್ಲು ಕಟ್ಟಿಕೊಂಡು ಒಂದೇ ಸಲ ತಾಗಿಸು, ನಿನ್ನ ಆಣೆ ತೀರಿತು ಎಂದ.

“ಖಲಾಸ್,” ಎಂದು ಮುದುಕ ಕೈ ಕೊಡವಿದ.

ಹೊರಗೆ ಬಂದೆವು. ಬಾಯಮ್ಮ ನನ್ನ ಕಡೆ ತಿರುಗಿದರು. “ಇವ್ರಿಗೆ ಹೇಳಿ ಪೇಪರಿನವ್ರೆ, ಸಾಯುವ ತನಕದ ಮೌನ ಎಲ್ಲ ಸೇರಿಸಿ ಒಂದೇ ಕಟ್ಟು ಮಾಡ್ಲಿ. ಇಲ್ಲಿಂದ ಆ ನೀರಿನ ತನಕ ಯಾರ ಹತ್ರವೂ ಬಾಯಿ ಬಿಡುವುದು ಬೇಡ. ಅಲ್ಲಿಗೆ ಆಣೆ ಮುಗೀತು.”

“ಅವಳಿಗೆ ಹೇಳಿ, ಅದು ಅವರ ಕಿತಾಬಿನಲ್ಲಿ ಇರುವುದು, ನಮ್ಮದರಲ್ಲಿ ಇಲ್ಲ.”

“ಕೇಳಿ ನೀವೇ, ಜೋಬ್ ಮಾತ್ರ ನಮ್ಮವನು, ಹುಲ್ಲು ಬೇರೆಯವ್ರದ್ದಾ?”

ಪೊರ್ಬುಗಳು ಸ್ವಲ್ಪ ಹೊತ್ತು ಕೈಯ ಬಿರುಕುಗಳನ್ನು ನೋಡಿಕೊಂಡರು. ಆಮೇಲೆ ಬುಗ್ಗೆಯ ಕಡೆ ಇಳಿಯತೊಡಗಿದರು. ಹನಿಯುತ್ತಿದೆ, ಕೊಡೆ ಬೇಕೇ ಎಂದು ನಾನು ಕೇಳಿದೆ. ಉತ್ತರವಿಲ್ಲ. ಮತ್ತೆ ಕೇಳಿದೆ. ತಿರುಗಿಯೂ ನೋಡಲಿಲ್ಲ. ಆಗ ನನಗೆ ಅರ್ಥವಾಯಿತು... ಬಾಯಮ್ಮನಿಗೆ ನನಗಿಂತ ಮೊದಲೇ ಆಗಿತ್ತು. ಅವರು ಏನೂ ಹೇಳದೆ ಹಿಂದೆಯೇ ನಡೆದರು. ದಾರಿಯಲ್ಲಿ ಒಂಟೆಗಳು ಮೇಯುತ್ತಿದ್ದವು. ಅವುಗಳ ಹುಲ್ಲು ಕೀಳುವ ಸದ್ದು ಕೇಳುತ್ತಿತ್ತು.

ಬುಗ್ಗೆಯ ಬಳಿ ಪಾಚಿಗಟ್ಟಿದ ಕಲ್ಲು. ಬಾಯಮ್ಮ ಬಾಟಲಿ ಹಿಡಿದು ಮುಂದೆ ಹೋಗಿ ಕಾಲಿಟ್ಟರು.

“ಜಾರ್ತದೆ. ನೋಡಿ ಇಳಿ,” ಎಂದರು ಪೊರ್ಬುಗಳು, ಕೊಂಕಣಿಯಲ್ಲಿ.

ಬಾಯಮ್ಮ ಹಾಗೆಯೇ ನಿಂತರು. “ನೋಡ್ತೇನೆ,” ಎಂದರು. ತಿರುಗಲಿಲ್ಲ. ಬಾಟಲಿ ನೀರಿಗೆ ಅದ್ದಿದರು, ತುಂಬಿದ ಮೇಲೂ ಬಹಳ ಹೊತ್ತು ಎತ್ತಲಿಲ್ಲ.

ಮರಳಿ ಬರುವಾಗ ಪೊರ್ಬುಗಳು ಹಿಂದಿನ ಸೀಟಿನಲ್ಲಿ ಕೂತರು. ಬೇಡವೆಂದರೂ ಅವಳು ಕೊಂಡ ರಬ್ಬರ್ ಚಪ್ಪಲಿ, ಮಗನ ಗಣಿತ, ಬಾವಿಕಟ್ಟೆಯ ದುರಸ್ತಿ... ಮಸ್ಕತ್ ತಲುಪುವ ತನಕ ಮಾತು ನಿಲ್ಲಲಿಲ್ಲ. ನನಗೆ ದಾಟಿಸಲು ಏನೂ ಉಳಿದಿರಲಿಲ್ಲ.

ನೀರಿನಿಂದ ರೋಗ ವಾಸಿಯಾಗಲಿಲ್ಲ. ಅದನ್ನೂ ಹೇಳಬೇಕು. ಕೆಲವು ದಿನಗಳಲ್ಲಿ ಪೊರ್ಬುಗಳು ಊರಿಗೆ ಹೋದರು. ಬಾಯಮ್ಮನಿಗೆ ರಜೆ ಸಿಗುವ ಮೊದಲೇ ಹೃದಯಾಘಾತದಿಂದ ತೀರಿಕೊಂಡರು. ಶವದ ಮುಂದೆ ನೆಂಟರು, ಆಣೆಯನ್ನು ಕೊನೆಯ ತನಕ ಉಳಿಸಿಕೊಂಡ ಮನುಷ್ಯ ಎಂದು ಆಡಿಕೊಂಡರಂತೆ. ತಿದ್ದಲಿಲ್ಲವೇ ಎಂದು ನಾನು ಕೇಳಿದ್ದಕ್ಕೆ ಬಾಯಮ್ಮ, “ಹೇಳ್ಕೊಳ್ಳಲಿ ಮಾರಾಯ್ರೆ. ನಂಗೆ ಹೇಳಿದ್ದು ನನ್ನ ಹತ್ರ ಉಂಟು” ಎಂದರು. ಆಮೇಲೂ ಹಲವು ವರ್ಷ ಹಮ್ರಿಯಾದಲ್ಲೇ ದುಡಿದು, ಮಗನನ್ನು ಓದಿಸಿ ಊರಿಗೆ ಮರಳಿದರು.

ಮೊನ್ನೆ ಆ ಮಗನ ಫೋನ್ ಬಂತು. ಈಗ ನಡುವಯಸ್ಸಿನವನು. ಅಮ್ಮ ಹೋದರು, ಮಣ್ಣು ಮಾಡಿದ್ದೂ ಆಯಿತು ಎಂದ. ಆಮೇಲೆ, “ಅಂಕಲ್, ಒಂದು ಕೇಳ್ಲಾ? ಡ್ಯಾಡಿ ಮಮ್ಮಿ ಹತ್ರ ಮಾತಾಡದೆಯೇ ಸತ್ತದ್ದು ಹೌದಾ? ಮೊನ್ನೆ ಮಣ್ಣಿಗೆ ಬಂದ ನೆಂಟರೂ ಅದನ್ನೇ ಹೇಳ್ತಿದ್ರು. ಮಮ್ಮಿ ಹತ್ರ ಕೇಳ್ಲಿಕ್ಕೆ ನಂಗೆ ಧೈರ್ಯ ಬರ್ಲಿಲ್ಲ” ಎಂದ.

“ಅಲ್ಲ,” ಎಂದೆ. “ಮಾತಾಡಿದ್ದಾರೆ. ನಾನು ಅಲ್ಲಿದ್ದೆ.”

ನಡೆದದ್ದನ್ನು ನಡೆದಂತೆ ಹೇಳಿದೆ. ಆ ದಂಪತಿ ಇಲ್ಲ. ಕತೆ ಹೇಳಿದ ಮುದುಕನೂ ಇರಲಾರ. ಆ ಮಾತನ್ನು ಕಿವಿಯಾರೆ ಕೇಳಿದವರಲ್ಲಿ ಉಳಿದವನು ನಾನೊಬ್ಬನೇ ಎಂಬುದು ಹೇಳುತ್ತ ಹೇಳುತ್ತ ನನಗೇ ಹೊಳೆಯಿತು. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ, ಕಲ್ಲಿನ ಹತ್ತಿರ ಹೇಳಿದ್ದನ್ನು ಮಾತ್ರ ಕೊಂಕಣಿಯಲ್ಲೇ ಹೇಳಿ ಎಂದ. ನನ್ನದು ನೆರೆಮನೆಯ ಕೊಂಕಣಿ. ಬಂದಷ್ಟರಲ್ಲಿ ಹೇಳಿದೆ.

“ಇನ್ನೊಮ್ಮೆ ಹೇಳಿ ಅಂಕಲ್.”

ಹೇಳಿದೆ.