ಹಿಂದಿನ ಸೀಟಿನವಳು ಆರಿಸಿದ ಬೈಕು

ದೀಕ್ಷಾಳಿಗೆ ಸ್ಕೂಟರೇ ಒಳ್ಳೆಯದು ಎಂದು ಮೂರು ತಿಂಗಳು ಹೇಳಿಕೊಂಡು ಬಂದವಳು ನಾನು. ಮಳೆಗಾಲದ ಜಾರು, ಕಲ್ಲುದಾರಿ, ಬಿದ್ದರೆ ಕೈಕಾಲಿಗೆ ಏಟು ಎಂದೆಲ್ಲ ಕಾರಣ ಕೊಟ್ಟಿದ್ದೆ. ಅವು ಸುಳ್ಳಲ್ಲ, ಆದರೆ ನಿಜವಾದ ಕಾರಣ ಅವುಗಳಲ್ಲಿ ಇರಲಿಲ್ಲ. ಸ್ಕೂಟರಿನ ಸೀಟು ತಗ್ಗು. ಸೀರೆ ಉಟ್ಟವಳು ಎರಡೂ ಕಾಲನ್ನು ಒಂದೇ ಬದಿಗೆ ಹಾಕಿ ಆರಾಮವಾಗಿ ಕೂರಬಹುದು. ಬುಧವಾರ ಬುಧವಾರ ಇಲ್ಲೇ ಹತ್ತಿರದ ಸವಣೂರಿನ ತಂಗಿಯ ಮನೆಗೆ ಮೊಮ್ಮಗಳ ಹಿಂದೆ ಕೂತು ಹೋಗಿಬರಬಹುದು ಎಂದು ನಾನು ಒಳಗೊಳಗೇ ಏರ್ಪಾಡು ಮಾಡಿಕೊಂಡಿದ್ದೆ.

ಮಕ್ಕಳೇ, ಇದನ್ನು ಇಷ್ಟರವರೆಗೆ ಯಾರಿಗೂ ಬಿಡಿಸಿ ಹೇಳಿಲ್ಲ. ಮನೆಯಲ್ಲಿ ನಾವು ಆಡುವ ಅರೆಭಾಷೆಯಲ್ಲಿ ಹೇಳಹೊರಟರೆ ನನಗೆ ನಾಚಿಕೆಯಾಗುತ್ತದೆ. ಐವರ್ನಾಡಿನ ಶಾಲೆಯಲ್ಲಿ ಏಳನೆಯವರೆಗೆ ಕಲಿತ ಕನ್ನಡದಲ್ಲಿ ಬರೆದರೆ ಯಾರೋ ಬೇರೆಯವರ ವಿಷಯ ಬರೆದ ಹಾಗೆ ಇರುತ್ತದೆ, ಅದರಿಂದ ಸುಲಭ. ಈಗ ಬರೆಯಬೇಕಾಗಿ ಬಂದದ್ದು ಏಕೆಂದರೆ, ಆ ಬೈಕನ್ನು ಆರಿಸಿದ್ದು ತಾನೇ ಎಂದು ದೀಕ್ಷಾಳ ಅಪ್ಪ, ಅಂದರೆ ನನ್ನ ಮಗ ಬಾಲಕೃಷ್ಣ, ರಬ್ಬರ್ ಶೀಟು ಮಾರುವ ಅಂಗಡಿಯಲ್ಲಿ ಹೇಳಿಕೊಳ್ಳುತ್ತಿದ್ದಾನಂತೆ. ಹೇಳಿಕೊಳ್ಳಲಿ. ನಿಮಗೆ ಮಾತ್ರ ನಡೆದದ್ದು ಗೊತ್ತಿರಲಿ.

ನಿಮ್ಮಲ್ಲಿ ಸಣ್ಣವರಿಗೆ ದೀಕ್ಷಾಳ ಕೆಲಸ ಏನೆಂದು ಸರಿಯಾಗಿ ತಿಳಿದಿರಲಿಕ್ಕಿಲ್ಲ. ಅವಳು ಸರ್ವೆಯವಳು. ಸರಕಾರದ ಪರವಾನಗಿ ಪಡೆದು, ಜನರ ಜಾಗ ಅಳೆದು, ನಕ್ಷೆ ಮಾಡಿಕೊಡುತ್ತಾಳೆ. ಕಡಬದ ಕಡೆ ಅವಳಿಗೆ ಕೆಲಸ ಹೆಚ್ಚು. ಆದರೆ ಅಳೆಯಬೇಕಾದ ಜಾಗ ಯಾವತ್ತೂ ಬಸ್‌ಸ್ಟ್ಯಾಂಡಿನ ಹತ್ತಿರ ಇರುವುದಿಲ್ಲ. ಬಸ್ಸು ಇಳಿದು ಜೀಪು, ಜೀಪು ಇಳಿದು ನಡಿಗೆ. ಹೆಗಲಲ್ಲಿ ಮೂರು ಕಾಲಿನ ಸ್ಟ್ಯಾಂಡು, ಬೆನ್ನಲ್ಲಿ ಅಳೆಯುವ ಯಂತ್ರ. ಎರಡು ಸಲ ಅವಳು ತಲುಪುವಾಗ ಜಾಗದವರು ಕಾದು ಬೇಸತ್ತು ಬೇರೆ ಸರ್ವೆಯವರನ್ನು ಕರೆಸಿಯಾಗಿತ್ತು. ಇನ್ನೊಂದು ಸಲ ಹೀಗಾದರೆ ಪುತ್ತೂರಿನ ಆಫೀಸೊಂದರಲ್ಲಿ ಕೂತು, ಬೇರೆಯವರು ಅಳೆದು ತಂದದ್ದನ್ನು ಕಂಪ್ಯೂಟರಿಗೆ ತುಂಬಿಸುವ ಕೆಲಸಕ್ಕೆ ಸೇರುತ್ತೇನೆ ಎಂದಳು. ನಗುತ್ತಲೇ ಹೇಳಿದ್ದು. ಆದರೆ ಆ ದಿನ ಅವಳು ಬಟ್ಟಲಿಗೆ ಹಾಕಿಕೊಂಡ ಅನ್ನ ಅರ್ಧ ಹಾಗೆಯೇ ಉಳಿಯಿತು.

ಬೈಕ್ ಬೇಕೆಂದು ಅವಳು ಕೇಳಿದಾಗಲೆಲ್ಲ ಬಾಲಕೃಷ್ಣನದ್ದು ಒಂದೇ ಉತ್ತರ. "ಸ್ಕೂಟರ್ ಆದರೆ ನಾಳೆಯೇ ಹೋಗುವ. ಬೈಕ್ ಬೇಡ. ಅಜ್ಜಿಯೂ ಅದನ್ನೇ ಹೇಳುದು."

ನನ್ನ ಮಾತಿಗೆ ಈ ಮನೆಯಲ್ಲಿ ಅಷ್ಟು ಬೆಲೆ ಬಂದದ್ದು ಅದೇ ಮೊದಲು. ಬಂದ ಬೆಲೆಯನ್ನು ಕಳೆದುಕೊಳ್ಳಲು ಯಾರಿಗೆ ಮನಸ್ಸಾಗುತ್ತದೆ?

ಒಂದು ದಿನ ದೀಕ್ಷಾ ಫೋನಿನಲ್ಲಿ ಎರಡು ಬೈಕಿನ ಚಿತ್ರ ತೋರಿಸಿದಳು. ಡ್ಯುಯಲ್ ಪರ್ಪಸ್ ಎಂದಳು. "ಅದು ಎಂತ ಮಾರಾಯ್ತಿ?" ಎಂದು ಕೇಳಿದೆ. "ಮಾರ್ಗಕ್ಕೂ ಆಗುದು, ಮಾರ್ಗ ಇಲ್ಲದಲ್ಲಿಗೂ ಆಗುದು ಅಜ್ಜಿ," ಎಂದಳು.

ನಮ್ಮಲ್ಲಿ ಡಾಮರು ಹಾಕಿದ್ದಕ್ಕೆ ಮಾತ್ರ ಮಾರ್ಗ ಎನ್ನುತ್ತೇವೆ. ಉಳಿದದ್ದೆಲ್ಲ ದಾರಿ. ಮನೆಯಿಂದ ಹೊರಟವರು "ಮಾರ್ಗಕ್ಕೆ ಹೋಗಿ ಬರ್ತೇನೆ" ಎನ್ನುವುದು ಅದಕ್ಕೇ. ಮಾರ್ಗ ಎಂಬುದು ನಾವು ಹೋಗಿ ಸೇರಬೇಕಾದ ಒಂದು ಊರಿದ್ದ ಹಾಗೆ.

ಎರಡು ಕೆಲಸಕ್ಕೆ ಆಗುವ ಒಂದೇ ವಸ್ತುವಿನ ವಿಷಯದಲ್ಲಿ ನನಗೆ ಸ್ವಲ್ಪ ಅನುಭವ ಉಂಟು. ನಮ್ಮ ಅಡುಗೆಮನೆಯ ಮೆಟ್ಟುಕತ್ತಿಯನ್ನೇ ನೋಡಿ. ಮಣೆಯನ್ನು ಕಾಲಲ್ಲಿ ಮೆಟ್ಟಿ ತರಕಾರಿ ಹೆಚ್ಚುತ್ತೇವೆ, ಕತ್ತಿಯ ತುದಿಯ ಹಲ್ಲಿನಲ್ಲಿ ಕಾಯಿ ತುರಿಯುತ್ತೇವೆ. ಬಾಳೆಕಾಯಿಯನ್ನು ತೆಳ್ಳಗೆ ಹೆಚ್ಚಬೇಕಾದರೆ ಕೈಕತ್ತಿ ಮೇಲು. ಹತ್ತು ಕಾಯಿ ತುರಿಯಬೇಕಾದರೆ ಬೇರೆ ಹೆರೆಮಣೆ ಮೇಲು. ಆದರೂ ದಿನನಿತ್ಯಕ್ಕೆ ಕೈ ಹೋಗುವುದು ಮೆಟ್ಟುಕತ್ತಿಗೇ. ನನ್ನ ಅಪ್ಪನ ಹತ್ತಿರ ಗದ್ದೆಗೂ ಗಾಡಿಗೂ ಒಂದೇ ಜೋಡಿ ಎತ್ತು ಇತ್ತು. ಗಾಡಿಗೆ ಕಟ್ಟಬೇಕಾದರೆ ಗೊರಸಿಗೆ ಲಾಳ ಬೇಕು, ಇಲ್ಲದಿದ್ದರೆ ಜಲ್ಲಿಯಲ್ಲಿ ಸವೆಯುತ್ತದೆ. ಅದೇ ಲಾಳ ಹೊಡೆದ ಎತ್ತು ಗದ್ದೆಗೆ ಇಳಿಯುವಾಗ ಅಂಚಿನ ಒದ್ದೆ ಕಲ್ಲಿನಲ್ಲಿ ಜಾರುತ್ತದೆ. ವರ್ಷದಲ್ಲಿ ಗದ್ದೆ ಎಷ್ಟು ದಿನ, ಗಾಡಿ ಎಷ್ಟು ದಿನ ಎಂದು ನೋಡಿ ಅಪ್ಪ ಲಾಳ ಹೊಡೆಸುತ್ತಿದ್ದರು. ಟಯರಿನ ವಿಷಯವೂ ಇದೇ ಎಂದು ನನಗೆ ತಿಳಿದದ್ದು ದೀಕ್ಷಾ ವಿವರಿಸಿದಾಗ. ಕೆಸರಿಗೆ ಒಳ್ಳೆಯದಾದ ದಪ್ಪ ಹಲ್ಲಿನ ಟಯರು ಡಾಮರಿನಲ್ಲಿ ಗುಂಯ್ ಎನ್ನುತ್ತದಂತೆ, ಬೇಗ ಸವೆಯುತ್ತದಂತೆ. ಮಾರ್ಗಕ್ಕೆ ಒಳ್ಳೆಯದಾದ ನುಣುಪಿನದ್ದು ಕೆಸರಿನಲ್ಲಿ ಕೈಕೊಡುತ್ತದಂತೆ. ಎರಡೂ ಆಗಬೇಕೆಂದರೆ ಎರಡರಲ್ಲೂ ಸ್ವಲ್ಪ ಬಿಟ್ಟುಕೊಡಬೇಕು.

ಇಷ್ಟೆಲ್ಲ ತಿಳಿದ ಮೇಲೂ ನನ್ನ ಬಾಯಲ್ಲಿ ಸ್ಕೂಟರೇ ಇತ್ತು ಎಂಬುದನ್ನು ಗಮನಿಸಿ.

ಕಡೆಗೆ ಒಂದು ಸೋಮವಾರ ಮೂವರೂ ಪುತ್ತೂರಿಗೆ ಹೋದೆವು. ಸುಮ್ಮನೆ ನೋಡಿಕೊಂಡು ಬರುವುದು ಎಂದು ಬಾಲಕೃಷ್ಣನ ಷರತ್ತು. ಶೋರೂಮಿನ ಒಳಗೆ ಎಲ್ಲವೂ ಎಷ್ಟು ಹೊಳೆಯುತ್ತಿತ್ತೆಂದರೆ ನಾನು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟೆ. ಬೈಕ್ ತೋರಿಸುವ ಹುಡುಗ ಟೈ ಕಟ್ಟಿಕೊಂಡಿದ್ದ, ಬಲು ವಿನಯದವನು. ಫೋನಿನಲ್ಲಿ ಕಂಡ ಎರಡೂ ಬೈಕು ಅಲ್ಲಿದ್ದವು. ಒಂದು ದೊಡ್ಡದು, ಭಾರದ್ದು, ಅಗಲ ಸೀಟಿನದ್ದು. ಇನ್ನೊಂದು ಸಪೂರ, ಹಗುರ, ಮುಂದಿನ ಚಕ್ರ ದೊಡ್ಡದು, ಹೊಟ್ಟೆ ನೆಲದಿಂದ ಒಂದು ಗೇಣು ಮೇಲೆ, ಸೀಟು ನನ್ನ ಸೊಂಟಕ್ಕಿಂತಲೂ ಎತ್ತರ. ದೀಕ್ಷಾಳ ಕಣ್ಣು ಸಪೂರದ್ದರ ಮೇಲೆ.

"ಇದು ಆಫ್ ರೋಡಿಗೂ ಒಳ್ಳೆದಾಗ್ತದೆ ಮೇಡಂ," ಎಂದ ಹುಡುಗ. "ರಜೆಯಲ್ಲಿ ಆಫ್ ರೋಡ್ ಹೋಗುದುಂಟಾ ನೀವು?"

"ನಮ್ಮ ಮನೆ ಇರುದೇ ಅಲ್ಲಿ," ಎಂದಳು ದೀಕ್ಷಾ.

ಹುಡುಗ ನಕ್ಕ. ತಮಾಷೆ ಎಂದುಕೊಂಡ ಎಂದು ಕಾಣುತ್ತದೆ. ಮಾರ್ಗ ಇಲ್ಲದ ಕಡೆ ಬೈಕ್ ಓಡಿಸುವುದಕ್ಕೆಂದೇ ದುಡ್ಡು ಕೊಟ್ಟು ದೂರದ ಗುಡ್ಡಗಳಿಗೆ ಹೋಗುವವರು ಇದ್ದಾರೆಂದು ಆಮೇಲೆ ತಿಳಿಯಿತು. ಅವರು ನಮ್ಮ ಮನೆಗೆ ಬಂದಿದ್ದರೆ ಚಹಾವನ್ನೂ ಕೊಡುತ್ತಿದ್ದೆವು.

"ಅಜ್ಜಿ, ಹಿಂದೆ ಒಮ್ಮೆ ಕೂತು ನೋಡು," ಎಂದಳು ದೀಕ್ಷಾ.

ನಿಮ್ಮ ಅಜ್ಜನ ಬೈಕಿನ ಹಿಂದೆ ಮೂವತ್ತು ವರ್ಷ ಕೂತವಳು ನಾನು. ಬೈಕಿನ ಗುಣ ಓಡಿಸುವವನಿಗೆ ಕೈಯಲ್ಲಿ ತಿಳಿಯುತ್ತದೆ, ಹಿಂದೆ ಕೂತವಳಿಗೆ ಬೆನ್ನುಮೂಳೆಯಲ್ಲಿ. ಯಾವ ಹೊಂಡಕ್ಕೆ ಅವರು ನಿಧಾನಿಸುತ್ತಾರೆ, ಯಾವ ಹೊಂಡವನ್ನು ನೋಡುವುದೇ ಇಲ್ಲ ಎಂದು ಕಣ್ಣು ಮುಚ್ಚಿ ಹೇಳಬಲ್ಲವಳಾಗಿದ್ದೆ. ಜನ ನೋಡುತ್ತಾರೆಂದು ಅವರ ಹೆಗಲನ್ನು ಹಿಡಿಯದೆ ಸೀರೆ ಗಾರ್ಡಿನ ಕಂಬಿಯನ್ನೇ ಹಿಡಿದುಕೊಳ್ಳುತ್ತಿದ್ದೆ. ಆ ಕಂಬಿ ನನ್ನ ಕೈತಾಗಿ ಬಣ್ಣ ಕಳೆದುಕೊಂಡಿತ್ತು. ಇಷ್ಟು ಅನುಭವ ಇದ್ದರೂ ಈ ಸಪೂರ ಬೈಕನ್ನು ಹತ್ತಲು ನನಗೆ ಆಗಲಿಲ್ಲ. ಹುಡುಗ ಒಂದು ಪ್ಲಾಸ್ಟಿಕ್ ಸ್ಟೂಲು ತಂದ. ಸಾಲಲಿಲ್ಲ. ಅದರ ಮೇಲೆ ಇನ್ನೊಂದು ಸ್ಟೂಲು ಇಟ್ಟ. ಹೇಗೋ ಹತ್ತಿ ಒಂದು ಬದಿಗೆ ಕೂತೆ. ಸೀಟು ಕೈಯಗಲ. ಕಾಲಿಗೆ ಆಧಾರ ಸಿಗದೆ ಎರಡೂ ಪಾದ ಗಾಳಿಯಲ್ಲಿ ತೂಗಾಡಿದವು. ಶೋರೂಮಿನಲ್ಲಿದ್ದ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇಳಿಸಿ ಎಂದು ಸ್ಟೂಲಿನ ಕಡೆಗೆ ಕೈ ತೋರಿಸಿದೆ.

ನನ್ನನ್ನು ಇಳಿಸಿದ ಮೇಲೆ ದೀಕ್ಷಾ ಬೈಕನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು. "ಅಜ್ಜಿಗೆ ಕೂರ್ಲಿಕ್ಕೆ ಆಗುದಿಲ್ಲ. ಬೇಡ, ಸ್ಕೂಟರೇ ನೋಡುವ," ಎಂದಳು.

ಬಾಲಕೃಷ್ಣನ ಮುಖ ಅರಳಿತು. ಹುಡುಗ ಮಾತ್ರ ಬಿಡಲಿಲ್ಲ. "ಈ ದೊಡ್ಡದನ್ನು ನೋಡಿ ಮೇಡಂ. ಸೀಟು ತಗ್ಗು, ಅಜ್ಜಿಗೂ ಆರಾಮ." ಅದರಲ್ಲಿ ಕೂತೆ. ನಿಜವಾಗಿಯೂ ಆರಾಮವಾಗಿತ್ತು, ಜಗಲಿಯಲ್ಲಿ ಕೂತ ಹಾಗೆ. ಆದರೆ ಆರಾಮವಾಗಿ ಕೂತವಳ ಮನಸ್ಸು ಆರಾಮವಾಗಿರಲಿಲ್ಲ. ನಾನು ಮೂರು ತಿಂಗಳು ಮುಚ್ಚಿಟ್ಟ ಸಣ್ಣ ಆಸೆಗಾಗಿ ಈ ಹುಡುಗಿ ತನ್ನ ಕೆಲಸವನ್ನೇ ಬಿಡಲು ಹೊರಟಿದ್ದಳು. ಸ್ಕೂಟರಿನ ಪುಟ್ಟ ಚಕ್ರ ಜೀಪಿನ ಗಾಲಿ ಕೊರೆದ ಚರಂಡಿಗೆ ಇಳಿದರೆ ಮೇಲೆ ಬಾರದು, ಆ ಉದ್ದದ ಸ್ಟ್ಯಾಂಡನ್ನು ಅದರಲ್ಲಿ ಕಟ್ಟಲು ಜಾಗವಿಲ್ಲ ಎಂದು ಅವಳೇ ನನಗೆ ಹೇಳಿಕೊಟ್ಟಿದ್ದಳು.

ವಾಪಸು ಬರುವಾಗ ಬೆಳ್ಳಾರೆಯಲ್ಲಿ ಹಮೀದಾಕನ ಗ್ಯಾರೇಜಿನ ಎದುರು ಇಳಿದೆವು. ನಿಮ್ಮ ಅಜ್ಜನ ಬೈಕನ್ನು ಕೊನೆಯವರೆಗೆ ರಿಪೇರಿ ಮಾಡಿದವರು ಅವರು. ಬ್ಯಾರಿ ಮಾತಾಡುವ ಮನೆಯವರು, ತುಳು ಮತ್ತು ಕನ್ನಡ ನಮಗಿಂತ ಚೆನ್ನಾಗಿ ಬರುತ್ತದೆ. ಬಾಲಕೃಷ್ಣನಿಗೆ ಸ್ಕೂಟರಿನ ಪರವಾಗಿ ಇನ್ನೊಂದು ಸಾಕ್ಷಿ ಬೇಕಿತ್ತು.

ಹಮೀದಾಕ ಎಲ್ಲ ಕೇಳಿಸಿಕೊಂಡರು. ಇಂಜಿನಿನ ಶಕ್ತಿ ಎಷ್ಟು, ಮೈಲೇಜು ಎಷ್ಟು ಎಂದು ಏನನ್ನೂ ಕೇಳಲಿಲ್ಲ. "ಬೀಳುದಂತೂ ಬೀಳ್ತದೆ," ಎಂದರು. "ಸ್ಕೂಟರೂ ಬೀಳ್ತದೆ, ಬೈಕೂ ಬೀಳ್ತದೆ. ಎತ್ತುದು ಯಾರು? ಕಾಡಿನಲ್ಲಿ ಎತ್ತಿ ಕೊಡ್ಲಿಕ್ಕೆ ಜನ ಕಾದು ಕೂತುಕೊಳ್ತಾರಾ ಬಾಲಣ್ಣ?"

ಅಲ್ಲಿ ರಿಪೇರಿಗೆ ಬಂದಿದ್ದ, ಶೋರೂಮಿನ ದೊಡ್ಡದರಂಥದೇ ಒಂದು ಬೈಕನ್ನು ಅವರು ಗೋಣಿಗಳ ಮೇಲೆ ಮೆಲ್ಲ ಮಲಗಿಸಿದರು. "ಎತ್ತು ಮಗಾ."

ದೀಕ್ಷಾ ಹ್ಯಾಂಡಲ್ ಹಿಡಿದು ಎಳೆದಳು. ಅದು ಅಲುಗಾಡಲಿಲ್ಲ.

"ಹಾಗಲ್ಲ. ಅದಕ್ಕೆ ಬೆನ್ನು ಕೊಟ್ಟು ಕೂರು. ಒಂದು ಕೈ ಹ್ಯಾಂಡಲಿಗೆ, ಒಂದು ಕೈ ಸೀಟಿನ ಕೆಳಗೆ. ಈಗ ಕಾಲಿನಲ್ಲಿ ದೂಡು, ಸೊಂಟದಲ್ಲಿ ಅಲ್ಲ."

ಅರ್ಧದವರೆಗೆ ಬಂದು ಅದು ಮತ್ತೆ ಮಲಗಿತು. ದೀಕ್ಷಾಳ ಮುಖ ಕೆಂಪಾಯಿತು. ಹಮೀದಾಕ ಇನ್ನೊಂದು ಬೈಕನ್ನು ಮಲಗಿಸಿದರು. ಸಪೂರದ್ದರ ಹಾಗೆಯೇ ಇತ್ತು, ಸ್ವಲ್ಪ ಹಳೆಯದು. ಅವಳು ಬೆನ್ನು ಕೊಟ್ಟು ಕೂತಳು, ಹಲ್ಲು ಕಚ್ಚಿದಳು, ದೂಡಿದಳು. ಬೈಕು ಎದ್ದು ನಿಂತಿತು. ಅವಳು ಅದನ್ನು ತಾನೇ ಮತ್ತೆ ಮಲಗಿಸಿ, ಇನ್ನೊಮ್ಮೆ ಎತ್ತಿದಳು. ಯಾರೂ ಹಾಗೆ ಮಾಡಲು ಹೇಳಿರಲಿಲ್ಲ.

"ಇದೇ ಅವಳ ಗಾಡಿ," ಎಂದರು ಹಮೀದಾಕ.

"ಅದೆಲ್ಲ ಸರಿ ಹಮೀದಾಕ," ಎಂದ ಬಾಲಕೃಷ್ಣ. "ಆದರೆ ಮನೆಯಲ್ಲಿ ಹಿರಿಯರ ಮಾತು ಅಂತ ಒಂದು ಉಂಟಲ್ಲ. ಎಂತ ಅವ್ವ, ಸ್ಕೂಟರೇ ಅಲ್ವಾ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ನೆಲದ ಎಣ್ಣೆಯ ಕಲೆಯನ್ನು ನೋಡಿದೆ. ಸೆರಗನ್ನು ಬೆರಳಿಗೆ ಸುತ್ತಿದೆ. ಆಮೇಲೆ ಹೇಳಿದೆ. "ಸ್ಕೂಟರ್ ಬೇಕಿದ್ದದ್ದು ನನಗೆ. ಹಿಂದೆ ಕೂರ್ಲಿಕ್ಕೆ. ಅವಳಿಗೆ ಬೇಕಾದ್ದು ಬೈಕು. ಆ ಸಪೂರದ್ದನ್ನೇ ತೆಗಿ."

ಹಮೀದಾಕ ಜೋರಾಗಿ ನಕ್ಕರು. "ಮೂವತ್ತು ವರ್ಷದಲ್ಲಿ ಅಕ್ಕ ನನ್ನ ಗ್ಯಾರೇಜಿನಲ್ಲಿ ಇವತ್ತೇ ಮಾತಾಡಿದ್ದು ಮಾರಾಯ್ರೆ!"

"ಮತ್ತೆ ನೀನು ಸವಣೂರಿಗೆ ಹೋಗುದು ಹೇಗೆ ಅಜ್ಜಿ?" ಎಂದು ಕೇಳಿದಳು ದೀಕ್ಷಾ.

ಅಂದರೆ ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಗುಟ್ಟು ಅವಳಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನನ್ನ ಮರ್ಯಾದೆ ಉಳಿಸಲು ಸುಮ್ಮನಿದ್ದಳು. ನಾಚಿಕೆ ನಮ್ಮ ಮನೆಯಲ್ಲಿ ನನಗೊಬ್ಬಳಿಗೇ ಇರುವುದೆಂದು ತಿಳಿದಿದ್ದೆ.

"ಬಸ್ಸು ಉಂಟಲ್ಲ," ಎಂದೆ.

ಈಗ ಬೈಕು ಬಂದು ಒಂದು ಮಳೆಗಾಲ ಕಳೆಯಿತು. ಎರಡು ಸಲ ಬಿದ್ದಿದ್ದಾಳೆ, ಎರಡು ಸಲವೂ ತಾನೇ ಎತ್ತಿಕೊಂಡು ಬಂದಿದ್ದಾಳೆ. ಆಫೀಸಿನ ಕೆಲಸದ ಮಾತು ಮತ್ತೆ ಎತ್ತಲಿಲ್ಲ. ನಿಮ್ಮಲ್ಲಿ ಯಾರಾದರೂ ಬೈಕ್ ತೆಗೆಯುವವರಿದ್ದರೆ ಬಣ್ಣ ನೋಡುವ ಮೊದಲು ಅದನ್ನು ಗೋಣಿಯ ಮೇಲೆ ಮಲಗಿಸಿ ಎತ್ತಿ ನೋಡಿ. ಕೂರುವಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಮುಟ್ಟಬೇಕೆಂದಿಲ್ಲ, ಬೆರಳ ಭಾಗ ಗಟ್ಟಿಯಾಗಿ ಊರಿದರೆ ಸಾಕು. ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಕೇಳಿ, ಬೆಂಗಳೂರು ಎಂದರೆ ಬಿಟ್ಟುಬಿಡಿ. ಹಿಂದಿನ ಸೀಟಿನಲ್ಲಿ ಕೂತು ನಾನು ಕಲಿತದ್ದು ಇಷ್ಟೇ.

ಕಳೆದ ಬುಧವಾರ ಬೆಳ್ಳಾರೆಯಲ್ಲಿ ಬಸ್ಸು ಬದಲಿಸಿ ಸವಣೂರಿಗೆ ಹೋಗುತ್ತಿದ್ದೆ. ಒಂದು ಕಡೆ ಮಾರ್ಗ ಅಗಲ ಮಾಡಲು ಅಗೆದು ಹಾಕಿದ್ದರು. ಬಸ್ಸು, ಲಾರಿ, ಕಾರು ಎಲ್ಲ ಸಾಲಾಗಿ ನಿಂತಿದ್ದವು. ಆಗ ಬದಿಯ ಮಣ್ಣು ಕಲ್ಲುಗಳ ಮೇಲೆ ಒಂದು ಬೈಕು ಬಂತು. ದೀಕ್ಷಾ. ಸೀಟಿನಲ್ಲಿ ಕೂತಿರಲಿಲ್ಲ, ಕಾಲಿಡುವ ಕಂಬಿಯ ಮೇಲೆ ನಿಂತಿದ್ದಳು. ಹಾಗೆ ನಿಂತರೆ ಕಲ್ಲಿನ ಏಟು ಬೆನ್ನಿಗೆ ತಾಗುವುದಿಲ್ಲವಂತೆ. ಹಿಂದಿನ ಸೀಟಿನಲ್ಲಿ ಅವಳ ಸ್ಟ್ಯಾಂಡು ಹಗ್ಗ ಬಿಗಿಸಿಕೊಂಡು ಕೂತಿತ್ತು. ಅವಳು ನನ್ನನ್ನು ನೋಡಲಿಲ್ಲ. ಬಸ್ಸನ್ನು ದಾಟಿ, ಲಾರಿಯನ್ನು ದಾಟಿ, ಕಡಬದ ಕಡೆಗೆ ಹೋದಳು.

ನನ್ನ ಪಕ್ಕ ಕೂತಿದ್ದ ಹೆಂಗಸು, ನನ್ನದೇ ಪ್ರಾಯದವರು, ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದರು. "ಅಬ್ಬಾ, ನಿಂತುಕೊಂಡು ಬೈಕ್ ಬಿಡುದು ನೋಡಿ! ಯಾವ ಮನೆಯ ಹುಡುಗಿಯೋ! ಮನೆಯಲ್ಲಿ ಹೇಳುವವರು ಯಾರೂ ಇಲ್ಲವಾ ಅಂತ."

"ಇದ್ದಾರೆ," ಎಂದೆ. "ಹೇಳಿದ್ದು ನಾನೇ."