ಪಕ್ಕದ ನೋಟದಲ್ಲಿ ಆರು ಮಿಲಿಮೀಟರ್

ಗೆರೆಯಕ್ಕ ಎಂಬ ಹೆಸರನ್ನು ಇಟ್ಟವರು ಕೆಳಗಿನ ಯಂತ್ರಶಾಲೆಯವರು. ಗೇಲಿ ಮಾಡಲೆಂದೇ ಇಟ್ಟರು, ಆಮೇಲೆ ಅದೇ ಅಂಟಿಕೊಂಡಿತು. ಪಂಪು ತಯಾರಿಸುವ ಆ ಕಾರ್ಖಾನೆಯಲ್ಲಿ ಹದಿನಾಲ್ಕು ಕಬ್ಬಿಣದ ಮೆಟ್ಟಿಲು ಹತ್ತಿದರೆ ಸಿಗುವ ಮಹಡಿಯ ಕೋಣೆಯಲ್ಲಿ ಕೂತು ಆಕೆ ಇಪ್ಪತ್ತೊಂಬತ್ತು ವರ್ಷ ನಕ್ಷೆ ಬರೆದಿದ್ದಳು. ಮೊದಲು ಹಲಗೆಯ ಮೇಲೆ ಪೆನ್ಸಿಲಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ನಿವೃತ್ತಿಗೆ ಇನ್ನು ಹನ್ನೊಂದು ತಿಂಗಳಿತ್ತು. ದಿನಾ ಬೆಳಿಗ್ಗೆ ಏಳನೆಯ ಮೆಟ್ಟಿಲಿನ ಮೇಲೆ ನಿಂತು ಮಂಡಿ ಉಜ್ಜಿಕೊಳ್ಳುವಾಗ, ಇದಿಷ್ಟು ತಿಂಗಳನ್ನು ಹೇಗಾದರೂ ತಳ್ಳಿಬಿಟ್ಟರೆ ಸಾಕಪ್ಪಾ ಅನ್ನಿಸುತ್ತಿತ್ತು.

ಆಕೆಯ ಕೆಲಸದ ರೀತಿಯೇ ಬೇರೆ. ಮೊದಲು ಒಂದು ಭಾಗದ ಎದುರು ನೋಟ ಬರೆಯುವಳು. ಅದರ ಕೆಳಗೆ, ಮೇಲಿನಿಂದ ನೋಡಿದರೆ ಹೇಗೆ ಕಾಣುತ್ತದೋ ಆ ‘ಮೇಲಿನ ನೋಟ’. ಪಕ್ಕದ ನೋಟಕ್ಕೆ ಮಾತ್ರ ಆಕೆ ಕೈಯಿಂದ ಅಳತೆ ಹಾಕುತ್ತಿರಲಿಲ್ಲ, ಅದನ್ನು ಉಳಿದೆರಡರಿಂದ ಎಳೆದು ತರುತ್ತಿದ್ದಳು. ಎದುರು ನೋಟದ ಪ್ರತಿ ಮೂಲೆಯಿಂದ ಬಲಕ್ಕೆ ಒಂದು ತೆಳು ಗೆರೆ. ಮೇಲಿನ ನೋಟದ ಪ್ರತಿ ಮೂಲೆಯಿಂದಲೂ ಬಲಕ್ಕೆ ಒಂದು, ಅದು ಹೋಗಿ ಮೊದಲೇ ಹಾಕಿಟ್ಟ ನಲವತ್ತೈದು ಡಿಗ್ರಿಯ ಓರೆಗೆರೆಯನ್ನು ಮುಟ್ಟಿ, ಅಲ್ಲಿ ತಿರುಗಿ ನೆಟ್ಟಗೆ ಮೇಲಕ್ಕೆ. ಎರಡೂ ಎಲ್ಲಿ ಸೇರುತ್ತವೋ ಅಲ್ಲಿ ಪಕ್ಕದ ನೋಟದ ಮೂಲೆ. ಹೊಸ ಕಂಪ್ಯೂಟರುಗಳು ಇದನ್ನೆಲ್ಲ ತಾವೇ ಮಾಡಿ ಕೊಡುತ್ತವಂತೆ. ಕಾರ್ಖಾನೆಯದು ಹಳೆಯದು, ಆಕೆಯೂ ಹಳಬಳು, ಇಬ್ಬರಿಗೂ ಹೊಂದಿಕೆಯಾಗಿತ್ತು.

ಕೆಲಸ ಮುಗಿದ ಮೇಲೆ ಬೇರೆಯವರಾದರೆ ಆ ತೆಳು ಗೆರೆಗಳನ್ನು ಅಳಿಸಿಹಾಕುತ್ತಾರೆ. ಈಕೆ ಅಳಿಸುತ್ತಿರಲಿಲ್ಲ. ಅವಕ್ಕೆಂದೇ ಒಂದು ಪದರ ಮಾಡಿ, ಅದನ್ನು ಮುಚ್ಚಿಡುತ್ತಿದ್ದಳು. ಕಾಗದದ ಮೇಲೆ ಬರುತ್ತಿರಲಿಲ್ಲ, ಕಂಪ್ಯೂಟರಿನೊಳಗೆ ಇದ್ದೇ ಇರುತ್ತಿದ್ದವು. ಕೆಲಸ ಕಲಿಸಿದ ಮುದುಕ ನಕ್ಷೆಗಾರ ಹೇಳಿದ್ದ: "ಈ ಗೆರೆ ಎಲ್ಲಿಂದ ಬಂತು ಅಂತ ಯಾರಾದ್ರೂ ಕೇಳಿದ್ರೆ ತೋರಿಸೋಕೆ ಬರ್ಬೇಕಮ್ಮಾ." ಇಪ್ಪತ್ತೊಂಬತ್ತು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ ಎಂಬುದು ಬೇರೆ ಮಾತು.

ಮನೆಯಲ್ಲಿ ಗಂಡ. ಬಸ್ಸಿನ ಡ್ರೈವರಾಗಿದ್ದವನು, ಈಗ ನಿವೃತ್ತ. ಮೂವತ್ತು ವರ್ಷ ಒಂದು ತಿರುವೂ ತಪ್ಪದಂತೆ ಬಸ್ಸು ಓಡಿಸಿದ ಮಹಾಶಯನಿಗೆ ಸ್ವಂತ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬ ಸಿಗುತ್ತಿರಲಿಲ್ಲ. ದಿನಕ್ಕೆ ಐದಾರು ಫೋನು. ಸಕ್ಕರೆ ಎಲ್ಲಿ, ಕರೆಂಟು ಬಿಲ್ಲು ಎಲ್ಲಿ, ನನ್ನ ನೀಲಿ ಷರ್ಟು ಎಲ್ಲಿ. ಆಕೆ ಒಂದು ಕೈಯಲ್ಲಿ ಮೌಸು, ಇನ್ನೊಂದರಲ್ಲಿ ಫೋನು ಹಿಡಿದು ಮನೆಯ ಕಪಾಟುಗಳನ್ನೆಲ್ಲ ಬಾಯಲ್ಲೇ ತೆರೆದು ಮುಚ್ಚುತ್ತಿದ್ದಳು. ಸಂಜೆ ಹೋದರೆ ಪಾತ್ರೆಯ ರಾಶಿ ಕಾದಿರುತ್ತಿತ್ತು. ಸಿಟ್ಟು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ, ಅಷ್ಟು ಹೊತ್ತಿಗೆ ಅದೂ ಉಳಿದಿರುತ್ತಿರಲಿಲ್ಲ.

ಆ ಸೋಮವಾರ ಆಕೆ ಬರುವಷ್ಟರಲ್ಲಿ ಯಂತ್ರಶಾಲೆಯ ಸಾಹೇಬರ ಮೇಜಿನ ಮೇಲೆ ಹನ್ನೆರಡು ಪಂಪಿನ ಮುಚ್ಚಳ ಸಾಲಾಗಿ ಕೂತಿದ್ದವು. ಎಣ್ಣೆ ಹೋಗುವ ತೂತು ಹನ್ನೆರಡರಲ್ಲೂ ಆರು ಮಿಲಿಮೀಟರ್ ಆಚೆಗೆ ಬಿದ್ದಿತ್ತು. ಹನ್ನೆರಡೂ ಗುಜರಿಗೆ. ಕೊರೆದವನು ಮಿಲ್ಲಿಂಗ್ ಯಂತ್ರದವನು, ಎಲ್ಲರೂ ಮೌನಿ ಎಂದು ಕರೆಯುತ್ತಿದ್ದವನು. ಇಪ್ಪತ್ತೆರಡು ವರ್ಷದಿಂದ ಅದೇ ಯಂತ್ರದ ಮುಂದೆ ನಿಂತವನು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಹೋದ ವರ್ಷ ಒಮ್ಮೆ ಕೆಲಸ ಕೆಡಿಸಿ ಎಚ್ಚರಿಕೆಯ ಪತ್ರ ತೆಗೆದುಕೊಂಡಿದ್ದ. ಇನ್ನೊಮ್ಮೆ ಹೀಗಾದರೆ ಮನೆಗೆ ಎಂದು ಅದರಲ್ಲೇ ಬರೆದಿತ್ತು.

"ನಕ್ಷೇಲಿ ಸರಿಯಾಗೇ ಇದೆ," ಎಂದರು ಸಾಹೇಬರು, ಕಾಗದದ ಮೇಲೆ ಬೆರಳು ಒತ್ತಿ. "ಮೇಲಿನ ನೋಟದಲ್ಲಿ ನೋಡಿ, ಅಂಚಿಂದ ಮೂವತ್ತೇಳು. ಇವನು ನಲವತ್ಮೂರಕ್ಕೆ ಕೊರೆದಿದಾನೆ. ಮುಚ್ಚಳಾನ ಯಂತ್ರಕ್ಕೆ ಸರಿಯಾಗಿ ಕಚ್ಚಿಸಿಲ್ಲ. ಸಂಜೆ ವರದಿ ಕಳಿಸ್ತೀನಿ, ಇನ್ನು ನನ್ನ ಕೈಲಿ ಏನೂ ಇಲ್ಲ."

ಮೌನಿ ತಲೆ ತಗ್ಗಿಸಿ ನಿಂತಿದ್ದ. "ನಂದೇ ಇರ್ಬೇಕು ಸಾಹೇಬ್ರೆ. ಅಕ್ಕನ ಗೆರೆ ಯಾವತ್ತೂ ತಪ್ಪಿಲ್ಲ."

ಗೆರೆಯಕ್ಕ ಮೌನಿಯ ಕಡೆ ಒಮ್ಮೆ ನೋಡಿದಳು. ಪಾಪ, ಎಲ್ಲಿ ಎಡವಿದನೋ ನೋಡಿ ಏನಾದರೂ ದಾರಿ ಹುಡುಕೋಣ ಎಂದುಕೊಂಡು ಮೆಟ್ಟಿಲು ಹತ್ತಿದಳು. ಆ ತೂತನ್ನು ಕೊರೆಯುವುದು ಪಕ್ಕದಿಂದ. ಮೌನಿಯ ಯಂತ್ರಕ್ಕೆ ಆಕೆಯ ಕಂಪ್ಯೂಟರಿನಿಂದ ಪಕ್ಕದ ನೋಟದ ಗೆರೆಗಳೇ ನೇರವಾಗಿ ಹೋಗುತ್ತಿದ್ದವು. ಆ ನೋಟದಲ್ಲಿ ಮೂವತ್ತೇಳು ಎಂದು ಬರೆದಿರಲಿಲ್ಲ. ಒಂದೇ ಅಳತೆಯನ್ನು ಎರಡು ಕಡೆ ಬರೆಯಬಾರದು ಎಂಬುದು ನಕ್ಷೆಗಾರರ ನಿಯಮ. ಸುಮ್ಮನೆ ನೋಡೋಣ ಎಂದು ಆಕೆ ಮುಚ್ಚಿಟ್ಟ ಪದರವನ್ನು ತೆರೆದಳು.

ಪರದೆಯ ತುಂಬ ತೆಳು ನೀಲಿ ಗೆರೆಗಳು ಎದ್ದವು. ತೂತಿನ ಗೆರೆಗಳು ಮೇಲಿನ ನೋಟದ ತೂತಿನಿಂದಲೇ ಹೊರಟಿದ್ದವು. ಅಂಚುಗಳ ಗೆರೆಗಳು ಮಾತ್ರ ಯಾವ ಅಂಚಿನಿಂದಲೂ ಹೊರಟಿರಲಿಲ್ಲ. ನೋಟದ ಅಂಚಿಗಿಂತ ಆರು ಮಿಲಿಮೀಟರ್ ಮೇಲೆ, ಖಾಲಿ ಜಾಗದಿಂದ ಶುರುವಾಗಿದ್ದವು.

ಆಕೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಗೆರೆಗಳು ಅಲ್ಲೇ ಇದ್ದವು. ಆಗ ಹೋದ ವಾರದ ಆ ಮಧ್ಯಾಹ್ನ ನೆನಪಾಯಿತು. ಅಂಚುಗಳನ್ನೆಲ್ಲ ಎಳೆದು ಮುಗಿಸಿದ್ದಳು, ಗಂಡನ ಫೋನು ಬಂತು. ನೇಲ್ ಕಟರ್ ಎಲ್ಲಿ? ಮೂರು ಡ್ರಾಯರು, ಎರಡು ಕಪಾಟು, ಕಿಟಕಿಯ ಕಟ್ಟೆ, ಎಲ್ಲ ಹುಡುಕಿಸಿ ಫೋನಿಡುವಾಗ ಕಾಲು ಗಂಟೆ. ಬಂದು ಕೂತವಳು ಅಂಕಿ ಬರೆಯಲು ಜಾಗ ಸಾಲದೆಂದು ಮೇಲಿನ ನೋಟವನ್ನು ಆರು ಮಿಲಿಮೀಟರ್ ಕೆಳಗೆ ಸರಿಸಿದ್ದಳು. ಓರೆಗೆರೆಯನ್ನು ಅದರ ಜೊತೆ ಸರಿಸಬೇಕಿತ್ತು. ಸರಿಸಿರಲಿಲ್ಲ. ಅಂಚುಗಳು ಹಳೆಯ ಜಾಗದಿಂದ, ಆಮೇಲೆ ಎಳೆದ ತೂತು ಹೊಸ ಜಾಗದಿಂದ. ಮೌನಿಯ ಯಂತ್ರ ಆಕೆ ಎಳೆದ ಕಡೆಯೇ ಕೊರೆದಿತ್ತು.

ಎರಡು ಕ್ಲಿಕ್ಕಿನ ಕೆಲಸ. ತೂತನ್ನು ಆರು ಮಿಲಿಮೀಟರ್ ಈಚೆಗೆ ತಂದು, ಆ ಪದರವನ್ನು ಅಳಿಸಿದರೆ ಆಯಿತು. ಎಲ್ಲರೂ ಅಳಿಸುವುದನ್ನೇ ಆಕೆಯೂ ಅಳಿಸಿದಂತೆ. ಹನ್ನೊಂದು ತಿಂಗಳು. ಆಸ್ತಿಯಿಲ್ಲ, ಬಡ್ತಿಯಿಲ್ಲ, ಈ ಮಹಡಿಯಿಂದ ಮನೆಗೆ ಒಯ್ಯಲು ಆಕೆಗೆ ಇದ್ದದ್ದು ಒಂದೇ, ಅಕ್ಕನ ಗೆರೆ ತಪ್ಪಿಲ್ಲ ಎಂಬ ಮಾತು. ಅದೂ ಹೋದರೆ ಇಷ್ಟು ವರ್ಷ ಮಂಡಿ ಸವೆಸಿದ್ದು ಯಾತಕ್ಕೆ? ಆಕೆಗೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಅಲ್ಲೇ ಮೇಜಿನ ಮೇಲೆ ತಲೆಯಿಟ್ಟು ಮಲಗಿಬಿಡಬೇಕು ಅನ್ನಿಸಿತು. ಕೈ ಮೌಸಿನ ಮೇಲೇ ಇತ್ತು.

ಫೋನು ಹೊಡೆದುಕೊಂಡಿತು. ಗಂಡ.

"ಲೇ, ನೇಲ್ ಕಟರ್ ಸಿಕ್ತು ಕಣೇ! ನೀಲಿ ಷರ್ಟಿನ ಜೇಬಲ್ಲೇ ಇತ್ತು ನೋಡು. ನಿನ್ನ ಸುಮ್ನೆ ಗೋಳುಹೊಯ್ಕೊಂಡೆ ಅವತ್ತು."

ನಗಬೇಕೋ ಅಳಬೇಕೋ ಆಕೆಗೆ ತಿಳಿಯಲಿಲ್ಲ. "ಒಳ್ಳೇದಾಯ್ತು, ಇಡಿ," ಎಂದಳು. ತಪ್ಪು ಫೋನಿನದಲ್ಲ ಎಂದು ಆಕೆಗೆ ಗೊತ್ತಿತ್ತು. ಫೋನು ಅವನು ನಿವೃತ್ತನಾದಾಗಿನಿಂದ ದಿನಾ ಬರುತ್ತಿತ್ತು, ಕೈ ಈಗ ಸೋತಿತ್ತು.

ಪದರವನ್ನು ತೆರೆದೇ ಇಟ್ಟು ಆಕೆ ನಕ್ಷೆಯನ್ನು ಮುದ್ರಿಸಿದಳು. ಆ ತೆಳು ಗೆರೆಗಳು ಕಾಗದ ಕಂಡದ್ದು ಅದೇ ಮೊದಲು. ಕಂಬಿ ಹಿಡಿದುಕೊಂಡು ಮೆಟ್ಟಿಲಿಳಿದು, ಸಾಹೇಬರ ಮೇಜಿನ ಮೇಲೆ ಮುಚ್ಚಳಗಳ ನಡುವೆ ಕಾಗದ ಹರಡಿದಳು.

"ನಂದು ತಪ್ಪು. ಈ ಗೆರೆ ಎಲ್ಲಿಂದ ಹೊರಟಿದೆ ನೋಡಿ, ಇದು ಎಲ್ಲಿಂದ. ಇವನು ನಾನು ಕೊಟ್ಟ ಹಾಗೇ ಕೊರೆದಿದಾನೆ."

ಸಾಹೇಬರು ಗೆರೆಗಳ ಮೇಲೆ ಬೆರಳು ಓಡಿಸಿದರು. ಬೈದಿದ್ದರೆ ಚೆನ್ನಾಗಿತ್ತು. "ಆಯ್ತು ಬಿಡಿ," ಎಂದರು ಮೆಲ್ಲಗೆ. "ವಯಸ್ಸಾಯ್ತಲ್ಲ. ನಾಳೆಯಿಂದ ನಿಮ್ಮ ನಕ್ಷೇನ ಬೇರೆ ಯಾರಾದ್ರೂ ಒಂದ್ಸಲ ನೋಡ್ಲಿ." ಮೌನಿಯ ಮೇಲೆ ಬರೆದಿದ್ದ ವರದಿಯ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿ, ಹೊಸ ಹಾಳೆ ತೆಗೆದುಕೊಂಡರು. ಆಕೆಯ ಮುಖ ಬಿಸಿಯಾಯಿತು. ತಲೆ ಆಡಿಸಿ ಹೊರಗೆ ಬಂದಳು.

ಮೌನಿ ಹಿಂದೆಯೇ ಬಂದ. ಮೆಟ್ಟಿಲಿನ ಬುಡದಲ್ಲಿ ಆಕೆಯನ್ನು ತಡೆದು ನಿಲ್ಲಿಸಿದ.

"ಶುಕ್ರವಾರಾನೇ ಅಳತೆ ಹಿಡಿದು ನೋಡಿದ್ದೆ ಅಕ್ಕಾ. ಮೂರು ದಿನದಿಂದ ಒಂದು ಲೋಟ ನೀರು ಹಿಡಿದ್ರೂ ಕೈ ನಡುಗ್ತಿತ್ತು. ಕೈಯೇ ಹೋಯ್ತು ಅಂದ್ಕೊಂಡೆ. ಇನ್ನು ಯಾವ ಕೆಲಸಕ್ಕೂ ಬಾರದವನು ನಾನು ಅಂತ ಮನೇಲಿ ಹೇಳ್ಬಿಟ್ಟಿದ್ದೆ." ಎಣ್ಣೆ ಮೆತ್ತಿದ ಎರಡೂ ಕೈಗಳನ್ನು ಮುಂದೆ ಚಾಚಿ, ತಿರುಗಿಸಿ ನೋಡಿಕೊಂಡ. "ಇದೆ ಅಲ್ವಾ ಅಕ್ಕಾ? ಕೈ ಇದೆ."

"ಇದೆ ಕಣೋ," ಎಂದಳು ಗೆರೆಯಕ್ಕ. ಅವನು ಯಂತ್ರದ ಕಡೆ ಹೋದ. ಆಕೆ ಕಂಬಿ ಹಿಡಿದು ಹತ್ತತೊಡಗಿದಳು. ಏಳನೆಯ ಮೆಟ್ಟಿಲಿನ ಮೇಲೆ ಮಂಡಿ ಉಜ್ಜಿಕೊಳ್ಳುತ್ತ ನಿಂತಾಗ, ಕೆಳಗೆ ಅವನ ಯಂತ್ರ ಶುರುವಾದದ್ದು ಕೇಳಿಸಿತು.